ಗೋಣಿಯ ಮೇಲೆ ಮಲಗಿದ್ದ ಗಿಟಾರು

ಕಸ ಹೊಡೆಯಲೆಂದು ಶೆಡ್ಡಿನ ಚಿಲಕ ತೆಗೆದವಳು ನಾನೇ. ಕಸಬರಿಗೆ ಕೈಯಲ್ಲೇ ಉಳಿಯಿತು.

ಅಣ್ಣ ಮಾಡಿದ ಗಿಟಾರಿಗೆ ದಂಡಿ ಇರಲಿಲ್ಲ.

ತಂತಿಯ ಕೆಳಗೆ ಬೆರಳಿಡುವ ಉದ್ದನೆಯ ಕಟ್ಟಿಗೆ ಇರುತ್ತದಲ್ಲ, ಅದು. ಮಲಗುವ ಮುಂಚೆ ನೋಡಿದಾಗ ಇಡೀ ಗಿಟಾರು ಗೋಡೆಯ ಮೊಳೆಗೆ ತೂಗುತ್ತಿತ್ತು. ಈಗ ಅದರ ಮೈ ಮಾತ್ರ ಮೇಜಿನ ಕಲ್ಲಿನ ಮೇಲೆ ಮಲಗಿತ್ತು. ಅಡಿಯಲ್ಲಿ ಒಂದು ಗೋಣಿಯ ತುಂಡು. ಪಕ್ಕದಲ್ಲಿ ನಾಲ್ಕು ಸ್ಕ್ರೂ, ಸುರುಳಿ ಸುತ್ತಿದ ತಂತಿಗಳು.

"ಅಣ್ಣಾ," ಎಂದೆ. ಇನ್ನೊಮ್ಮೆ ಕರೆದೆ.

ಅಣ್ಣ ಸಾಯಿಕುಮಾರ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಂದ. ನೋಡಿದ. ಹೊಸ್ತಿಲ ಬಳಿ ಕುಳಿತ.

"ಸಂಜಿಗಿ ಅಂಬಾರಾಯ ಕಾಕಾ ಬರ್ತಾರ. ಏನ್ ತೋರಸ್ಲಿ ನಾ?"

ಅಣ್ಣ ಶಹಾಬಾದಿನ ಕಲ್ಲಿನ ಕಾರ್ಖಾನೆಯಲ್ಲಿ ಪಾಲಿಶ್ ಕೆಲಸಗಾರ. ಕೆಲಸ ಬಿಟ್ಟ ಮೇಲೆ ಕರೆಂಟ್ ಗಿಟಾರು ಮಾಡುವುದು ಅವನ ಹುಚ್ಚು. ಬೇರೆಯವರಿಗೆಂದು ಮಾಡಿದ್ದು ಇದೇ ಮೊದಲು. ಮೈಗೆ ಕುಂಚಾವರಂ ಕಡೆಯ ಹಳೇ ಬಾಗಿಲಿನ ತೇಗ. ಆಯಸ್ಕಾಂತಕ್ಕೆ ಕೂದಲಿನಂಥ ತಾಮ್ರದ ತಂತಿ ಸುತ್ತಿ, ದನಿ ಹಿಡಿಯುವ ಪಿಕಪ್ ಮಾಡಿಕೊಟ್ಟವನು ಗೆಳೆಯ ಫೈಜಾನ್, ಮೊಬೈಲ್ ರಿಪೇರಿಯವನು. ಆರು ತಂತಿಯ ಬದಲು ಮೂರು. ದಂಡಿಯೂ ಸಣ್ಣದು.

ಯಾಕೆಂದರೆ ಅಂಬಾರಾಯ ಕಾಕಾನ ಎಡಗೈಯಲ್ಲಿ ಹೆಬ್ಬೆರಳು ಬಿಟ್ಟರೆ ಎರಡೇ ಬೆರಳು. ಮೊದಲು ಭಜನೆಯಲ್ಲಿ ಬ್ಯಾಂಜೋ ಬಾರಿಸುತ್ತಿದ್ದರು. ಹೋದ ವರ್ಷ ಕಾರ್ಖಾನೆಯಲ್ಲಿ ಅವರೂ ಅಣ್ಣನೂ ಒಂದು ಹಾಸುಗಲ್ಲು ಎತ್ತುವಾಗ, ಆ ತುದಿಯಿಂದ ಕಾಕಾ ಎಂದಿನಂತೆ "ಹಿಡಿದಿ?" ಎಂದು ಕೇಳಿದರು. ಅಣ್ಣ "ಹಿಡಿದೀನ್ರಿ" ಎಂದ. ಆಮೇಲೆ ಅವನ ಕಾಲು ಜಾರಿತು.

ಅಂದಿನಿಂದ ಅಣ್ಣ ಅವರ ಮುಖ ನೋಡಿ ಮಾತಾಡಿಲ್ಲ. ಆಡದ ಮಾತನ್ನೆಲ್ಲ ಈ ಗಿಟಾರಿಗೆ ಹಾಕಿದ್ದ.

*

ಮೊದಲ ಅನುಮಾನ ಫೈಜಾನನ ಮೇಲೆ. ನಿನ್ನೆ ಅವನೂ ಅಣ್ಣನೂ ಜಗಳಾಡಿದ್ದರು. ಅವನನ್ನು ಶೆಡ್ಡಿಗೆ ಕರೆಸಿದೆವು.

"ಪಿಕಪ್ ಗುಂಯ್ ಅನ್ನಾಕತ್ತದ, ಬಿಚ್ಚತೀನಿ ಅಂದಿದ್ದಿ," ಎಂದ ಅಣ್ಣ. "ನೀನೇ ಬಿಚ್ಚಿದಿ."

ಫೈಜಾನ್ ಗಿಟಾರಿನ ಮೈಯನ್ನು ಎತ್ತಿ ನೋಡಿ, ಬರೀ ಕಲ್ಲಿನ ಮೇಲೆ ದಡ್ಡನೆ ಇಟ್ಟ. ಅಣ್ಣ ಹಲ್ಲು ಕಚ್ಚಿದ.

"ಪಿಕಪ್ ಇಲ್ಲೇ ಅದ ಯಾರ್. ನಾ ಒಯ್ದ್ರ ಅದನ್ನ ಒಯ್ತಿದ್ದೆ. ನಿನ್ನ ಕಟ್ಟಿಗಿ ಒಯ್ದು ಏನ್ ಚಾ ಕಾಸಲಿ?"

ಮಾತು ಸರಿಯಾಗಿತ್ತು.

ಎರಡನೆಯದು ಟೇಲರ್ ಭಗವಂತ, ಭಜನೆ ಮಂಡಳಿಯ ಹಿರಿಯ. ಭಜನೆಗೆ ಕರೆಂಟ್ ಯಾಕೆ, ಶಾಕ್ ಹೊಡೆಸಿಕೊಂಡು ಕುಣಿಯಲಿಕ್ಕಾ ಎಂದು ಓಣಿಯೆಲ್ಲ ಆಡಿಕೊಂಡಿದ್ದ. ಅಂಗಡಿಗೆ ಹೋದೆವು. ನಾನು ಅಣ್ಣನ ಬೆನ್ನ ಹಿಂದೆ ನಿಂತೆ.

ಭಗವಂತ ಕತ್ತರಿಯನ್ನು ಪಾಲಿಶ್ ಕಲ್ಲಿನ ನೆಲಕ್ಕೆ ಖಣ್ಣೆಂದು ಎಸೆದ.

"ಸಾಯ್ಯಾ, ನನ್ನ ಬಾಯಿ ಕೆಟ್ಟದ್ದು. ಕೈ ಅಲ್ಲ. ಅಂಬಾರಾಯ ಕುಂದ್ರೋ ಗಾದಿ ಇನ್ನಾ ಹಾಸಾಕತ್ತೀನಿ ನಾ. ಭಜನಿ ಮುಗಿಯೋತನ ಖಾಲಿ ಇರ್ತದ. ಅಂವ ಡಬ್ಬಿ ಬಾರ್ಸತೀನಿ ಅಂದ್ರೂ ಬರಲಿ."

ಮನೆ ಬಂದಾಗ ಅಣ್ಣ ಹೇಳಿದ: "ಕಾಕಾ ನನ್ನ ಮಾಫ್ ಮಾಡೋದು ಯಾರಿಗೋ ಬ್ಯಾಡಾಗ್ಯಾದ."

*

ನಾನು ಶೆಡ್ಡಿಗೆ ಮರಳಿದೆ. ಎಂಟನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಜನರೊಂದಿಗೆ ಮಾತು ಬರುವುದಿಲ್ಲ. ಸುಮ್ಮನೆ ನೋಡುವುದು ಬರುತ್ತದೆ.

ತಂತಿಯ ಸುರುಳಿಗಳನ್ನು ಎತ್ತಿಕೊಂಡೆ. ಅಣ್ಣ ಎಡಗೈ ಬೆರಳುಗಳಿಗೆ ತಂತಿ ಸುತ್ತುತ್ತಾನೆ, ಸುರುಳಿ ಸೊಟ್ಟಗಾಗುತ್ತದೆ. ಇವು ಬಳೆಯಂತೆ ಗುಂಡಗಿದ್ದವು. ಮೂರೂ ಒಂದೇ ಅಳತೆ.

ಕುಡಿಯುವ ನೀರಿನ ತಂಬಿಗೆ ಮೂಲೆಯಲ್ಲಿರಬೇಕಿತ್ತು. ಕಿಟಕಿಯಲ್ಲಿತ್ತು, ಖಾಲಿ. ಒಂದು ಸುರುಳಿಯನ್ನು ಅದರ ಕಂಠಕ್ಕೆ ತೊಡಿಸಿದೆ. ಸರಿಯಾಗಿ ಕುಳಿತಿತು.

ಆಮೇಲೆ ಗೋಣಿಯ ತುಂಡನ್ನು ನೋಡಿದೆ. ಬಹಳ ಹೊತ್ತು ನೋಡಿದೆ. ಅದನ್ನು ಮಡಚಿ ಸೆರಗಿನಲ್ಲಿಟ್ಟುಕೊಂಡು ಹೊರಟೆ.

*

ಅಂಬಾರಾಯ ಕಾಕಾ ಒಬ್ಬರೇ ಇದ್ದರು.

"ಬಾ ಪೂನಮ್, ಕುಂದ್ರು. ಏನ್ ದಾರಿ ತಪ್ಪಿ ಬಂದಿ?"

ನಾನು ಗೋಣಿಯನ್ನು ಅವರ ಮುಂದಿಟ್ಟೆ. ಅವರ ನಗು ನಿಂತಿತು.

"ಫೈಜಾನ್ ಬರೀ ಕಲ್ಲಿನ ಮ್ಯಾಲೆ ಇಡ್ತಾನ್ರಿ," ಎಂದೆ, ನೆಲ ನೋಡುತ್ತಲೇ. "ಭಗವಂತ ಕಾಕಾ ಕತ್ತರಿ ಒಗೀತಾರ. ಪಾಲಿಶ್ ಆದದ್ದಕ್ಕ ಗೀರು ಬೀಳಬಾರದಂತ ಗೋಣಿ ಹಾಸೋರು ಕಲ್ಲಿನ ಕಾರ್ಖಾನಿಯವರೇ. ಬೆರಳಿಗಿ ತಂತಿ ಸುತ್ತಾಕ ಬರೋರು ತಂಬಿಗಿಗೆ ಯಾಕ ಸುತ್ತತಾರ್ರಿ? ಕಳ್ಳ ಆದ್ರ ತಂತಿ ಕತ್ತರಸ್ತಿದ್ದ. ನೀವು ಸಡಲ ಮಾಡೀರಿ."

ಕಾಕಾ ಹಾಸಿಗೆಯ ಕೆಳಗಿಂದ ದಂಡಿಯನ್ನು ತೆಗೆದರು. ಹಳೇ ಧೋತರದಲ್ಲಿ ಸುತ್ತಿಟ್ಟಿದ್ದರು.

"ಕೆಲಸ ಮಾಡಿ ಮಾಡಿ ಚಟ ಬಿದ್ದದ. ಕಳವು ಮಾಡೋವಾಗೂ ಗೋಣಿ ಹಾಸೀನಿ ನೋಡು."

"ಯಾಕ್ರಿ ಕಾಕಾ?"

"ನಸುಕಿನ್ಯಾಗ ನಿಮ್ಮ ಶೆಡ್ಡಿಗಿ ಬಂದಿದ್ದೆ. ಒಬ್ಬನೇ ಹಿಡಿದು ನೋಡೋಣಂತ. ಮೂರನೇ ತಂತಿಗಿ ಬೆರಳು ಹೋಗಲಿಲ್ಲ. ಸಂಜಿಗಿ ಎಲ್ಲಾರ ಮುಂದ ಹಿಂಗೇ ಆದ್ರ ನಿಮ್ಮಣ್ಣ ಏನಾಗ್ತಾನ? ಒಂದ್ಸಲ ಮುರದು ಬಿದ್ದಾನ ಅಂವ. ದಂಡಿನೇ ಇಲ್ಲಂದ್ರ ಬಾರಸು ಅಂತ ಯಾರೂ ಅನ್ನಂಗಿಲ್ಲ."

ದಂಡಿಯ ಮೇಲೆ ಇದ್ದಿಲಿನ ಗುರುತುಗಳಿದ್ದವು. ಬೆಳಗಿನಿಂದ ಬೆರಳಿಟ್ಟು ನೋಡಿ, ಬೆರಳು ತಲುಪದ ಕಡೆ ಗುರುತು ಹಾಕಿದ್ದರು.

ಬಾಗಿಲಲ್ಲಿ ನೆರಳು ಬಿತ್ತು. ಅಣ್ಣ. ನನ್ನ ಹಿಂದೆಯೇ ಬಂದಿದ್ದ. ಎಷ್ಟು ಕೇಳಿಸಿಕೊಂಡನೋ, ಕಣ್ಣು ತುಂಬಿದ್ದವು.

ಕಾಕಾ ದಂಡಿಯನ್ನು ಅವನತ್ತ ಚಾಚಿದರು. "ಇಲ್ಲಿ ದಪ್ಪ ಆಗ್ಯಾದ, ಸಾಯ್ಯಾ."

ಅಣ್ಣ ದಂಡಿಯನ್ನು ಮುಟ್ಟಲಿಲ್ಲ. ಆ ಕೈಯನ್ನು ಹಿಡಿದುಕೊಂಡ. ಉಳಿದ ಬೆರಳುಗಳು ಎಷ್ಟು ದೂರ ಬಾಗುತ್ತವೆಂದು ಮೆಲ್ಲಗೆ ಬಾಗಿಸಿ ನೋಡಿದ.

"ನಿಮ್ಮ ಕೈ ನೋಡದನೇ ಅಳತಿ ಹಾಕಿದ್ದೆ, ಕಾಕಾ," ಎಂದ. ವರ್ಷದಲ್ಲಿ ಮೊದಲ ಸಲ ಅವರ ಮುಖ ನೋಡಿದ. "ಕೆತ್ತೋಣ ಬರ್ರಿ."

*

ಸಂಜೆ ಶೆಡ್ಡಿಗೆ ಭಗವಂತ ಬಂದ, ಫೈಜಾನ್ ಬಂದ. ಗಿಟಾರು ಇನ್ನೂ ಸಿದ್ಧವಿರಲಿಲ್ಲ. ಯಾರೂ ಕೇಳಲಿಲ್ಲ.

ನಾನು ಗೋಣಿಯನ್ನು ಮೇಜಿನ ಕಲ್ಲಿನ ಮೇಲೆ ಹಾಸಿದೆ. ಅಣ್ಣ ಉಜ್ಜುಕಾಗದ ತೆಗೆದುಕೊಂಡು ದಂಡಿಯ ಒಂದು ತುದಿ ಹಿಡಿದ. ಇನ್ನೊಂದು ತುದಿಯನ್ನು ಕಾಕಾ ಎಡಗೈಯಿಂದಲೇ ಹಿಡಿದರು.

"ಹಿಡಿದಿ?" ಎಂದರು ಕಾಕಾ.

ಅಣ್ಣ ಕಾಲು ಗಟ್ಟಿಯಾಗಿ ಊರಿಕೊಂಡ.

"ಹಿಡಿದೀನ್ರಿ."