ಏಳು ಬಾಗಿಲಿಗೂ ಕಟ್ಟಿದ ಹಗ್ಗ

ಸೋಮವಾರ ಮಧ್ಯಾಹ್ನ ಹನ್ನೆರಡು ಗಂಟೆ ಐದು ನಿಮಿಷಕ್ಕೆ ವಸತಿ ಸಮುಚ್ಚಯದ ಮ್ಯಾನೇಜರ್ ಠಾಣೆಗೆ ನುಗ್ಗಿ, ಯಾರೂ ಕುರ್ಚಿ ತೋರಿಸುವ ಮೊದಲೇ ಕುಳಿತುಬಿಟ್ಟ.

“ಕೊಲೆ ಪ್ರಯತ್ನ ಅಂತ ಬರ್ಕೊಳ್ಳಿ ಮೇಡಂ.”

ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆಯಲಿಲ್ಲ. “ಯಾರ ಕೊಲೆ?”

“ನಂದೇ!”

ಬಾಗಿಲಲ್ಲಿ ನಿಂತಿದ್ದ ದಫೇದಾರ ಕೆಮ್ಮಿನ ನೆಪದಲ್ಲಿ ಮುಖ ತಿರುಗಿಸಿದ.

ದೂರಿನ ಸಾರಾಂಶ ಇಷ್ಟು. ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಮೂರನೇ ಕಟ್ಟಡದ ಲಿಫ್ಟು ಮ್ಯಾನೇಜರನನ್ನು ಹೊತ್ತು ಮೇಲೇರುತ್ತಿದ್ದಾಗ, ಮೂರನೇ ಮತ್ತು ನಾಲ್ಕನೇ ಮಹಡಿಗಳ ನಡುವೆ ನಿಂತಿತು. ತಾರಸಿಯ ಯಂತ್ರದ ಕೋಣೆಯಲ್ಲಿ ಯಾರೋ ಸ್ವಿಚ್ಚು ಆರಿಸಿದ್ದರು. ಅಗ್ನಿಶಾಮಕ ದಳದವರು ಬಂದು ಆತನನ್ನು ಹೊರಗೆಳೆದಾಗ ಹನ್ನೊಂದೂಕಾಲು.

“ಒಳಗೆ ಅಪಾಯದ ಗಂಟೆ ಇರುತ್ತಲ್ಲ, ಒತ್ತಲಿಲ್ವಾ?”

“ಒತ್ತಿದೆ. ಅದು... ಸ್ವಲ್ಪ ರಿಪೇರಿ ಇತ್ತು.”

“ಎಷ್ಟು ದಿನದಿಂದ?”

ಮ್ಯಾನೇಜರ್ ಗೋಡೆಯ ಗಡಿಯಾರ ನೋಡಿದ.

ಹನ್ನೆರಡೂ ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು: ಅಕ್ರಮವಾಗಿ ಕೂಡಿಹಾಕಿದ ಆರೋಪ, ಆರೋಪಿ ಅಪರಿಚಿತ.

ಒಂದೂ ಇಪ್ಪತ್ತಕ್ಕೆ ಸ್ಥಳ ಪಂಚನಾಮೆ ಆರಂಭವಾಯಿತು. ಏಳು ಮಹಡಿಯ ಕಟ್ಟಡ. ನೀರು ಸೋರಿ ಉಬ್ಬಿದ ಗೋಡೆ. ಎರಡು ಮಹಡಿಗೊಂದರಂತೆ ಉರಿಯುವ ದೀಪ. ಇನ್‌ಸ್ಪೆಕ್ಟರ್ ಮೆಟ್ಟಿಲು ಹತ್ತುತ್ತ ಪ್ರತಿ ಮಹಡಿಯಲ್ಲೂ ನಿಂತರು. ಪ್ರತಿಯೊಂದು ಲಿಫ್ಟಿನ ಬಾಗಿಲಿಗೂ ಅಡ್ಡಲಾಗಿ, ಬಿಗಿಯಾಗಿ, ಒಂದೇ ಬಗೆಯ ಗಂಟು ಹಾಕಿ ಕೆಂಪು ಹಗ್ಗ ಕಟ್ಟಲಾಗಿತ್ತು. ನಾಲ್ಕನೆಯದನ್ನು ಮಾತ್ರ ಅಗ್ನಿಶಾಮಕ ದಳದವರು ಕತ್ತರಿಸಿದ್ದರು.

“ಇದ್ಯಾಕಮ್ಮ ಕಟ್ಟಿರೋದು?” ಐದನೇ ಮಹಡಿಯಲ್ಲಿ ಬಾಗಿಲು ತೆರೆದು ಕಾಯುತ್ತಿದ್ದ ಅಜ್ಜಿಯನ್ನು ಕೇಳಿದರು.

“ಲಿಫ್ಟು ಇಲ್ದಿದ್ರೂ ಬಾಗಿಲು ತೆರ್ಕೊಳ್ಳುತ್ತೆ ತಾಯಿ. ಕಾಲಿಟ್ರೆ ನೇರ ಪಾತಾಳ. ಹನ್ನೊಂದು ಸಲ ಬರೆದುಕೊಟ್ಟಿದೀನಿ. ‘ದೂರಿನ ಅಜ್ಜಿ’ ಅಂತ ಹೆಸರಿಟ್ಟಿದಾರೆ, ನೋಡು, ಅದೊಂದನ್ನ ಮಾತ್ರ ಬೇಗ ಮಾಡಿದ್ರು!” ಅಜ್ಜಿ ಹೊಸ್ತಿಲು ದಾಟಿ ಮುಂದೆ ಬಂದರು. “ಅವನು ಎರಡು ಗಂಟೆ ಒಳಗಿದ್ದಿದ್ದಕ್ಕೆ ನೀವೆಲ್ಲ ಓಡಿಬಂದ್ರಿ. ಹೋದ ತಿಂಗಳು ಮೆಟ್ಟಿಲು ಗುಡಿಸೋ ಹುಡುಗಿ ಮೊದಲನೇ ಮಹಡೀಲಿ ಹೀಗೇ ಲಿಫ್ಟಿನ ಗುಂಡಿಗೆ ಬಿದ್ದು ಸೊಂಟ ಮುರ್ಕೊಂಡಾಗ ಎಲ್ಲಿಗೆ ಹೋಗಿದ್ರಿ?”

ಇನ್‌ಸ್ಪೆಕ್ಟರ್ ಆ ಮಾತನ್ನೂ ಬರೆದುಕೊಂಡು ಮೆಟ್ಟಿಲು ಹತ್ತಿದರು.

ತಾರಸಿಯ ಕೋಣೆಯಲ್ಲಿ ಆರಿಸಿದ ಸ್ವಿಚ್ಚಿಗೆ ಹಳದಿ ರಟ್ಟಿನ ಚೀಟಿಯೊಂದು ತಂತಿಯಿಂದ ನೇತಾಡುತ್ತಿತ್ತು. ‘ಮುಟ್ಟಬೇಡಿ. ಒಳಗೆ ಮನುಷ್ಯರಿದ್ದಾರೆ.’ ಕೆಳಗೆ ದಿನಾಂಕ, ವೇಳೆ ೯.೧೦, ಸಹಿಯ ಜಾಗ ಖಾಲಿ. ಮೇಲೆ ಬಂದ ಕಾವಲುಗಾರ ಇದನ್ನು ಓದಿಯೇ ಸ್ವಿಚ್ಚು ಹಾಕಲು ಹೆದರಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿದ್ದ.

“ವಿಚಿತ್ರ ಆಸಾಮಿ ಮೇಡಂ,” ಎಂದ ದಫೇದಾರ. “ಒಬ್ಬನ್ನ ಕೂಡಿಹಾಕಿದ ಕೂಡ್ಲೇ ಊರಿಗೆಲ್ಲ ಬೇಲಿ ಹಾಕಿದಾನೆ.”

“ಹೌದು. ಸಿಟ್ಟಿದೆ, ಆದ್ರೆ ಇನ್ನೊಬ್ಬರ ಕೂದಲೂ ಕೊಂಕಬಾರದು. ಚೀಟಿ ಅಲ್ಲೇ ಇರಲಿ ದಫೇದಾರ್ರೇ, ಈಗಲೇ ತೆಗೀಬೇಡಿ.”

ಎರಡೂ ಹತ್ತು. ಕಚೇರಿಯಲ್ಲಿ ದೂರಿನ ಪುಸ್ತಕ ತರಿಸಿದರು. ಗಂಟೆ ಕೆಟ್ಟಿದೆ. ಬಾಗಿಲಿನ ಬೀಗ ಕೆಟ್ಟಿದೆ. ಲಿಫ್ಟು ನೆಲಕ್ಕಿಂತ ಒಂದಡಿ ಕೆಳಗೆ ನಿಲ್ಲುತ್ತದೆ. ಪುಟದ ಮೇಲೆ ಪುಟ. ಪ್ರತಿಯೊಂದರ ಎದುರೂ ‘ಸರಿಪಡಿಸಲಾಗಿದೆ’ ಎಂಬ ಷರಾ. ಪಕ್ಕದಲ್ಲಿ ಲಿಫ್ಟ್ ಮೆಕ್ಯಾನಿಕ್‌ನ ಸಹಿ, ಓಡುವ ಅಕ್ಷರಗಳಲ್ಲಿ, ಕೆಳಗೊಂದು ಗತ್ತಿನ ಗೆರೆ. ಮೆಟ್ಟಿಲು ಗುಡಿಸುವವಳು ಬಿದ್ದ ದಿನಕ್ಕೆ ಎರಡು ದಿನ ಮೊದಲೂ ಅದೇ ಷರಾ, ಅದೇ ಸಹಿ.

“ಯಂತ್ರದ ಕೋಣೆಯ ಕೀಲಿ?”

“ಈ ಮೊಳೆಗೆ ತಗಲಿಹಾಕಿರ್ತೀವಿ,” ಎಂದ ಮ್ಯಾನೇಜರ್. “ನಾಲ್ಕು ಜನ ಕೆಲಸಗಾರರಲ್ಲಿ ಯಾರು ಬೇಕಾದ್ರೂ ತಗೋಬಹುದು. ಆ ಪ್ಲಂಬರ್‌ನ ಹಿಡೀರಿ, ಬಾಯಿ ಜಾಸ್ತಿ ಅವಂದು.”

“ಮೆಕ್ಯಾನಿಕ್?”

“ಅವನಾ? ಬಾಯಿಲ್ಲದ ಪ್ರಾಣಿ ಮೇಡಂ. ಬಿದ್ದವಳು ಅವನ ಹೆಂಡತಿನೇ. ಆದ್ರೂ ಒಂದು ಮಾತಾಡಲಿಲ್ಲ. ಏನಂತ ಮಾತಾಡ್ತಾನೆ? ಸರಿಪಡಿಸಿದೀನಿ ಅಂತ ಅವನೇ ಸಹಿ ಹಾಕಿದಾನಲ್ಲ. ಅವಳಿಗೂ ಅದನ್ನೇ ಹೇಳಿ ಕಳಿಸಿದೆ.”

ಇನ್‌ಸ್ಪೆಕ್ಟರ್ ಪುಸ್ತಕವನ್ನು ಮುಚ್ಚದೆ ಹಾಗೆಯೇ ಎತ್ತಿಕೊಂಡರು.

ಮೂರು ಗಂಟೆಗೆ ಕಾವಲುಗಾರ, ಪ್ಲಂಬರ್, ತೋಟದ ಮಾಲಿ, ಮೆಕ್ಯಾನಿಕ್ ನಾಲ್ವರೂ ಯಂತ್ರದ ಕೋಣೆಯಲ್ಲಿ ಸಾಲಾಗಿ ನಿಂತರು.

“ಬೆಳಿಗ್ಗೆ ಒಂಬತ್ತಕ್ಕೆ ಎಲ್ಲಿದ್ದೆ?”

“ಟ್ಯಾಂಕಿನ ಹತ್ರ,” ಎಂದ ಪ್ಲಂಬರ್. “ಸಿಟ್ಟಿದ್ರೆ ಎದುರಿಗೇ ಬೈತೀನಿ ಮೇಡಂ, ಹೀಗೆಲ್ಲ ಮಾಡಲ್ಲ.”

“ನೀನು?”

“ಬಲ್ಬ್ ಹಾಕ್ತಿದ್ದೆ,” ಎಂದ ಮೆಕ್ಯಾನಿಕ್, ನೆಲ ನೋಡುತ್ತ.

ಇನ್‌ಸ್ಪೆಕ್ಟರ್ ಸ್ವಿಚ್ಚಿನತ್ತ ತಿರುಗಿದರು. “ಸಾಕು. ಜನ ಮೆಟ್ಟಿಲು ಹತ್ತಿ ಸಾಯ್ತಿದಾರೆ. ದಫೇದಾರ್ರೇ, ಆ ಚೀಟಿ ಕಿತ್ತುಹಾಕಿ. ಸ್ವಿಚ್ ಹಾಕಿ.”

ದಫೇದಾರನ ಕೈ ತಂತಿಗೆ ತಾಗುವ ಮೊದಲೇ ಕೂಗು ಕೇಳಿಸಿತು.

“ಮುಟ್ಟಬೇಡಿ ಸಾರ್! ನಾಲ್ಕನೇ ಬಾಗಿಲಿನ ಹಗ್ಗ ಕತ್ತರಿಸಿದಾರೆ, ಯಾರಾದ್ರೂ ಒಳಗೆ ಬಗ್ಗಿದ್ರೆ? ನಾನಿನ್ನೂ ನೋಡಿಲ್ಲ. ಕಟ್ಟಿದವನೇ ಬಿಚ್ಚಬೇಕು, ಅದು ನಮ್ಮ...”

ಮೆಕ್ಯಾನಿಕ್ ನಾಲಿಗೆ ಕಚ್ಚಿಕೊಂಡ.

“ನಿಮ್ಮ ಕಸುಬಿನ ನಿಯಮ, ಅಲ್ವಾ?” ಇನ್‌ಸ್ಪೆಕ್ಟರ್ ದನಿ ತಗ್ಗಿಸಿದರು. “ಹಾಗಿದ್ರೆ ನಿಯಮದ ಪ್ರಕಾರವೇ ಆಗಲಿ. ಹೋಗಿ ಎಲ್ಲ ನೋಡಿ ಬಾ. ದಫೇದಾರ್ರು ಜೊತೆಗಿರ್ತಾರೆ.”

ಆತ ನೆಲಮಹಡಿಯವರೆಗೆ ಇಳಿದು, ಪ್ರತಿಯೊಂದು ಬಾಗಿಲನ್ನೂ ಒತ್ತಿ ನೋಡಿ ಮೇಲೆ ಬಂದ. ತಂತಿ ಬಿಚ್ಚಿದ.

“ಬಿಚ್ಚಿದ ಮೇಲೆ?”

“ಸಹಿ ಹಾಕ್ಬೇಕು.”

“ಹಾಕು.”

ಪಂಚನಾಮೆಗೆ ಸಾಕ್ಷಿಗಳಾಗಿ ಕರೆಸಿದ್ದ ಇಬ್ಬರು ಪಂಚರ ಎದುರು ಆತ ಗೋಡೆಗೆ ಚೀಟಿ ಒತ್ತಿ ಹಿಡಿದು, ತುಟಿ ಅಲ್ಲಾಡಿಸುತ್ತ ಬರೆದ. ಒಂದೊಂದೇ ಅಕ್ಷರ, ದುಂಡಗೆ, ಬಿಡಿಬಿಡಿಯಾಗಿ. ಇನ್‌ಸ್ಪೆಕ್ಟರ್ ಅದರ ಪಕ್ಕಕ್ಕೆ ದೂರಿನ ಪುಸ್ತಕ ಹಿಡಿದರು. ಅಕ್ಷರ ಕಲಿಯುವ ಮಗು ಕೂಡ ಹೇಳಬಹುದಿತ್ತು: ಇದು ಒಂದೇ ಕೈಯಲ್ಲ.

“ಪುಸ್ತಕದಲ್ಲಿ ಸಹಿ ಹಾಕಿದ್ದು ಯಾರು?”

“ಮ್ಯಾನೇಜರ್ ಸಾರ್ ನಂಗೆ ಪುಸ್ತಕ ಮುಟ್ಟೋಕೇ ಬಿಡ್ತಿರಲಿಲ್ಲ ಮೇಡಂ. ಬಿಡಿಭಾಗ ತರಿಸಿಕೊಡಿ ಅಂತ ಕೇಳಿದಾಗೆಲ್ಲ ‘ಆಮೇಲೆ’ ಅಂದ್ರು. ಅವಳು ಬಿದ್ದ ಮೇಲೆ, ಆ ಸಹಿ ನಂದೇ ಅಂತ ಅವಳ ಮುಂದೆ ನನ್ನ ಮೇಲೇ ಹಾಕಿದ್ರು. ಆವತ್ತಿಂದ ಅವಳು ನನ್ನ ಕೈಲಿ ನೀರು ಇಸ್ಕೊಳ್ಳಲ್ಲ. ಆ ಪುಟ ಒಂದು ಸಲ ಅವಳಿಗೆ ತೋರಿಸಿ ಅಂತ ಇವತ್ತು ಬೆಳಿಗ್ಗೆನೂ ಕೇಳ್ದೆ. ‘ಹೋಗಿ ಬಲ್ಬ್ ಹಾಕು’ ಅಂದ್ರು. ಆ ಗಂಟೆ ಹೊಡೆಯಲ್ಲ ಅನ್ನೋದು ಒಂದು ಸಲ ಅವರಿಗೂ ಗೊತ್ತಾಗಲಿ ಅನ್ನಿಸ್ತು.”

ಮೂರೂ ಐವತ್ತಕ್ಕೆ ಮೆಕ್ಯಾನಿಕ್‌ನನ್ನು ಬಂಧಿಸಲಾಯಿತು. ಪುಸ್ತಕ, ಚೀಟಿ ಎರಡೂ ಜಪ್ತಿಯಾದವು. ಮ್ಯಾನೇಜರ್ ಕೈಕುಲುಕಲು ಮುಂದೆ ಬಂದ.

“ನೀವೂ ಹತ್ತಿ ಜೀಪು,” ಎಂದರು ಇನ್‌ಸ್ಪೆಕ್ಟರ್. “ನಿಮ್ಮದು ಬೇರೆ ಎಫ್‌ಐಆರ್. ಸುಳ್ಳು ಸಹಿ, ನಿರ್ಲಕ್ಷ್ಯ. ಹದಿನೇಳು ಪುಟ ಇದೆ, ಬರೆಯೋಕೆ ಹೊತ್ತಾಗುತ್ತೆ.”

“ನಾನು ದೂರುದಾರ ಮೇಡಂ!”

“ಆ ಅಜ್ಜಿನೂ ದೂರುದಾರಳೇ ಕಣ್ರೀ! ಹನ್ನೊಂದು ಸಲ!”

ಪಂಪಿನ ಕೋಣೆಯ ಹಿಂದಿನ ಒಂಟಿ ಕೊಠಡಿಯಲ್ಲಿ ಮೆಕ್ಯಾನಿಕ್‌ನ ಹೆಂಡತಿ ಗೋಡೆಗೊರಗಿ ಕೂತಿದ್ದಳು. ಸಾಕ್ಷಿಯ ಹೇಳಿಕೆ ಪಡೆಯಲು ಇನ್‌ಸ್ಪೆಕ್ಟರ್ ತಾವೇ ಹೋಗಿ ನೆಲದ ಮೇಲೆ ಪುಸ್ತಕ ಬಿಡಿಸಿಟ್ಟರು.

ಆಕೆ ಬಹಳ ಹೊತ್ತು ನೋಡಿದಳು. ಬೆರಳಿಟ್ಟು ಗತ್ತಿನ ಗೆರೆಯನ್ನು ಉಜ್ಜಿದಳು, ಅಳಿಸಿಹೋಗುತ್ತದೇನೋ ಎಂಬಂತೆ.

“ನಮ್ಮನೆಯವರಿಗೆ ಸಹಿ ಕಲಿಸಿದ್ದೇ ನಾನು,” ಎಂದಳು. “ಅವರಿಗೆ ಹೀಗೆ ಓಡ್ಸಿ ಬರೆಯೋಕೆ ಬರಲ್ಲ.”

ಸಂಜೆ ಆರಕ್ಕೆ ಲಾಕಪ್ಪಿನ ಸರಳಿನ ಹಿಂದಿನಿಂದ ಒಂದೇ ಪ್ರಶ್ನೆ ಬಂತು. “ತೋರಿಸಿದ್ರಾ ಮೇಡಂ?”

“ತೋರಿಸ್ದೆ.”

“ಏನಂದ್ಲು?”

ಇನ್‌ಸ್ಪೆಕ್ಟರ್ ಹಿತ್ತಾಳೆಯ ಚೊಂಬೊಂದನ್ನು ಸರಳುಗಳ ನಡುವೆ ಒಳಗೆ ತೂರಿಸಿದರು.

“ನೀರು ಕೊಟ್ಟು ಕಳಿಸಿದಾಳೆ.”