ಹಿಡಿಯಿಲ್ಲದ ಪೆಟ್ಟಿಗೆ

ಆ ಭಾನುವಾರ ಬೆಳಿಗ್ಗೆ ಕಪಿತೊಲೀನಾ ಯೆಗೋರೊವ್ನಾ ತಾವೇ ಅರದಿಂದ ಉಜ್ಜಿ ಮಾಡಿದ ಹಿಡಿಯನ್ನು ಪೆಟ್ಟಿಗೆಗೆ ಸಿಕ್ಕಿಸಿ ತಿರುಗಿಸಿದರು. ನಮ್ಮ ಕ್ಯಾನರಿ ಹಕ್ಕಿ ಸಾಕುವವರ ಸಂಘದ ಹದಿನೆಂಟು ಮಂದಿ ಸುತ್ತ ನಿಂತು ಕಿವಿಗೊಟ್ಟಿದ್ದೆವು. ಒಳಗೇನೋ ಉರುಳಿದ ಸದ್ದಾಯಿತು, ಅಷ್ಟೆ. ಅವರು ಹುಬ್ಬು ಗಂಟಿಕ್ಕಿ, ಬೀಗದ ಕಿಂಡಿಯನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿ, ಆಮೇಲೆ ಒಂದು ಕೊಕ್ಕೆಯಿಂದ ಬೀಗ ತೆಗೆದರು. ಒಳಗೆ ಸಣ್ಣ ಮೊಳೆಗಳನ್ನು ಹೊಡೆದ ಮರದ ಉರುಳೆ, ಹತ್ತು ತವರದ ಕೊಳವೆಗಳು, ಒಂದು ಪುಟ್ಟ ಚರ್ಮದ ತಿದಿ ಇದ್ದವು. ತಿದಿಯನ್ನು ಯಾರೋ ಉದ್ದಕ್ಕೆ ಕೊಯ್ದಿದ್ದರು. ಕೊಯ್ದ ಅಂಚು ಹೊಸದು.

ಪೆಟ್ಟಿಗೆ ಸಂಘದ ಕೋಣೆಗೆ ಬಂದು ಹತ್ತು ದಿನವಾಗಿತ್ತು. ಓಕಾ ನದಿಯ ದಡದ ಹಳೆಯ ಮನೆಸಾಲನ್ನು ದಿಢೀರನೆ ಕೆಡವಿದಾಗ ಯಾವುದೋ ಒಲೆಯ ಹಿಂದಿನ ಗೋಡೆಯಲ್ಲಿ ಸಿಕ್ಕಿತೆಂದು ಕೆಲಸಗಾರರು ತಂದುಕೊಟ್ಟಿದ್ದರು. ಒಂದು ರೊಟ್ಟಿಯಷ್ಟು ದೊಡ್ಡದು, ಬೀಗ ಹಾಕಿತ್ತು, ಪಕ್ಕದಲ್ಲಿ ಹಿಡಿ ಕಳೆದುಕೊಂಡ ಕಬ್ಬಿಣದ ಮೋಟು. ನಮ್ಮದು ಬೀಗ, ಚಾಕು ಮಾಡುವವರ ಊರು. ಯಂತ್ರದ ಮುಂದೆ ನಿಂತು ‘ಗೊತ್ತಿಲ್ಲ’ ಎನ್ನುವುದು ಇಲ್ಲಿ ನಾಚಿಕೆಗೇಡು. ಹಾಗಾಗಿ ಒಬ್ಬ ಅದನ್ನು ಕಾಫಿ ಬೀಸುವುದು ಎಂದ, ಇನ್ನೊಬ್ಬ ನೂಲು ಸುತ್ತುವುದು ಎಂದ, ಮತ್ತೊಬ್ಬ ಖೋಟಾ ನೋಟು ಒತ್ತುವುದು ಎಂದ. ಯಾರೂ ಒಡೆಯಬೇಡಿ, ಭಾನುವಾರ ಹಿಡಿ ಮಾಡಿ ತರುತ್ತೇನೆ ಎಂದವರು ಯೆಗೋರೊವ್ನಾ. ಬೀಗದ ಕಾರ್ಖಾನೆಯಲ್ಲಿ ನಲವತ್ತು ವರ್ಷ ಬೀಗ ಪರೀಕ್ಷಿಸಿದವರು ಅವರು. ಊರಲ್ಲಿ ಏನು ಕಳೆದರೂ ಜನ ಪೊಲೀಸರಿಗಿಂತ ಮೊದಲು ಅವರ ಬಾಗಿಲು ತಟ್ಟುತ್ತಾರೆ. ನಾನು ಅವರ ಪಕ್ಕದ ಮನೆಯವ, ನಿವೃತ್ತ ಅಂಚೆಯವ. ಅವರ ಹತ್ಯಾರದ ಚೀಲ ಹೊರುವುದು, ನನ್ನ ಊಹೆ ತಪ್ಪೆಂದು ಅವರಿಂದ ಹೇಳಿಸಿಕೊಳ್ಳುವುದು ನನ್ನ ಈಗಿನ ಉದ್ಯೋಗ.

ಅವತ್ತೂ ನಾನೇ ಮೊದಲು ಬಾಯಿ ಬಿಟ್ಟೆ.

“ಈ ಕೋಣೆ ಬೀಗದ ಕೈ ಇರೋದು ಗ್ಲಾಫಿರಾ ಹತ್ರ ತಾನೇ?” ಎಂದೆ.

ಗ್ಲಾಫಿರಾ ಸಂಘದ ಕಾವಲಿನಾಕೆ, ಹಿಂದಿನ ಕೋಣೆಯಲ್ಲೇ ವಾಸ. ಹದಿನಾಲ್ಕು ವರ್ಷದ ಹಿಂದೆ ಆಕೆಯ ಗಂಡ ನಿಕಾಂದ್ರ್‌ನನ್ನು ನಾವು ಸಂಘದಿಂದ ಹೊರಹಾಕಿದ್ದೆವು. ಕ್ಯಾನರಿ ಮರಿ ಹಾಡು ಕಲಿಯಬೇಕಾದದ್ದು ಹುಲ್ಲುಗಾವಲಿನ ಕಾಡುಹಕ್ಕಿಯಿಂದ ಎಂಬುದು ನಮ್ಮ ನಿಯಮ. ಅವನು ಟೇಪ್ ರೆಕಾರ್ಡರ್ ಇಟ್ಟು ಕಲಿಸಿದ್ದ. ಅಧ್ಯಕ್ಷ ಅರ್ದಾಲಿಯೋನ್ ಲುಕಿಚ್ ಎಲ್ಲರೆದುರು ದೂರು ಓದಿದರು, ಎಲ್ಲರೂ ಕೈ ಎತ್ತಿದೆವು. ಮೂರು ವರ್ಷಕ್ಕೆ ನಿಕಾಂದ್ರ್ ತೀರಿಕೊಂಡ. ಆ ಸೇಡೇ ಇದು ಎಂದು ನಾನು ವಿವರಿಸಿದಾಗ ಹಲವರು ತಲೆದೂಗಿದರು. ಹಾಗಿದ್ದರೆ ಸಂಜೆಯೊಳಗೆ ಆಕೆ ಕೋಣೆ ಖಾಲಿ ಮಾಡಲಿ ಎಂದರು ಲುಕಿಚ್. ಗ್ಲಾಫಿರಾಗೆ ಆ ಕೋಣೆ ಬಿಟ್ಟರೆ ಬೇರೆ ಸೂರಿಲ್ಲ.

ನೆಲ ಒರೆಸುತ್ತಿದ್ದ ಆಕೆ ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದಳು. “ನೀವೂನಾ, ಸಾವಿಚ್?” ಎಂದು ನನ್ನನ್ನು ಕೇಳಿದಳು.

ಯೆಗೋರೊವ್ನಾ ನನ್ನತ್ತ ನೋಡಲಿಲ್ಲ. ಕೆಡವಿದ ಸಾಲಿನಲ್ಲಿ ಹಿಂದೆ ಯಾರ್ಯಾರಿದ್ದರೆಂದು ಮಾತ್ರ ಕೇಳಿದರು. ನಾನು ಕಾಗದ ಹಂಚಿದ ಮನೆಗಳು, ನೆನಪಿದ್ದವು. ಬಡಗಿ ಜೋಸಿಮ, ಸೂಲಗಿತ್ತಿ ಉಸ್ತೀನ್ಯಾ, ಲುಕಿಚ್ಚರ ತಾಯಿ ಎಂದೆ. ಯೆಗೋರೊವ್ನಾ ಹೋಗಿ ಲುಕಿಚ್ಚರ ಹಕ್ಕಿಯ ಪಂಜರದ ಮುಸುಕು ತೆಗೆದರು. ಮೂರು ಸಲ ಪದಕ ಗೆದ್ದ ಹಕ್ಕಿ ಅದು. ಬೆಳಕು ಕಂಡೊಡನೆ ಹಾಡಿತು: ನಾಲ್ಕು ಉರುಳು ಸ್ವರ, ಒಂದು ಮೌನ, ಆಮೇಲೆ ಗಂಟೆಯಂಥ ದನಿ. ಆ ಮೌನಕ್ಕೆ ನಮ್ಮಲ್ಲಿ ‘ಲುಕಿಚ್ ಮೌನ’ ಎಂದೇ ಹೆಸರು. ಕಾಡುಹಕ್ಕಿ ಉಸಿರು ತೆಗೆದುಕೊಳ್ಳುವ ಗಳಿಗೆ ಎಂದು ತೀರ್ಪುಗಾರರು ಕಣ್ಣು ಒರೆಸಿಕೊಂಡದ್ದೂ ಉಂಟು. ಹಕ್ಕಿ ಹಾಡುತ್ತಿದ್ದಷ್ಟೂ ಹೊತ್ತು ಯೆಗೋರೊವ್ನಾ ಉರುಳೆಯ ಮೊಳೆಗಳ ಮೇಲೆ ಉಗುರು ಓಡಿಸುತ್ತಿದ್ದರು.

ಆಮೇಲೆ ಎಲ್ಲರನ್ನೂ ಕೂರಿಸಿ, ಗ್ಲಾಫಿರಾಳನ್ನು ತಮ್ಮ ಪಕ್ಕದ ಕುರ್ಚಿಗೆ ಕರೆದರು.

“ಸಾವಿಚ್, ಕೋಣೆ ಬೀಗದ ಮಾತು ಬಿಡು. ಹಕ್ಕಿಗೆ ಕಾಳು ಹಾಕೋಕೆ ಸಂಜೆ ತನಕ ಎಲ್ರೂ ಬಂದು ಹೋಗ್ತೀರಿ. ಈ ಪೆಟ್ಟಿಗೆ ಬೀಗ ನೋಡು. ನಾನು ಕೊಕ್ಕೆ ಹಾಕೋ ಮುಂಚೆ ಕಿಂಡಿಯಲ್ಲಿ ಒಂದು ಗೀರೂ ಇರಲಿಲ್ಲ. ತೆಗೆದೋರು ಇದರದ್ದೇ ಬೀಗದ ಕೈಯಲ್ಲಿ ತೆಗೆದು, ಮತ್ತೆ ಹಾಕಿದ್ದಾರೆ. ಅದು ಇದರ ಮನೆಯವರ ಹತ್ರ ಇರುತ್ತೆ, ನೆಲ ಒರೆಸೋಳ ಹತ್ರ ಅಲ್ಲ.”

ಸಿಟ್ಟಿನಿಂದ ಮುರಿಯುವವರು ಕೈಗೆ ಸಿಕ್ಕಿದ್ದನ್ನೆಲ್ಲ ಮುರಿಯುತ್ತಾರೆ, ಇಲ್ಲಿ ಗಾಳಿಯೂದುವ ತಿದಿಯನ್ನಷ್ಟೇ ಕೊಯ್ದಿದ್ದಾರೆ, ಹಿಡಿ ತಿರುಗಿದರೆ ಇದು ಹಾಡುತ್ತದೆ ಎಂದು ಗೊತ್ತಿದ್ದವರ ಕೆಲಸವಿದು ಎಂದರು. ಮರಿಹಕ್ಕಿಗೆ ಪಾಠ ಹೇಳುವ ಯಂತ್ರ ಅದು. ಒಂದೊಂದು ಮೊಳೆಯೂ ಒಂದೊಂದು ಕೊಳವೆಯ ಬಾಯಿ ತೆರೆಯುತ್ತದೆ. ಉರುಳೆ ಒಂದು ಸುತ್ತು ಬಂದರೆ ಒಂದು ಹಾಡು.

“ಇಲ್ಲಿ ನಾಲ್ಕು ಸಾಲು ಮೊಳೆ. ಆಮೇಲೆ ಈ ಖಾಲಿ ಜಾಗ. ಬೆರಳಿಟ್ಟು ನೋಡಿ, ಮೂರು ಮೊಳೆ ಮುರಿದು ಬುಡ ಉಳಿದಿದೆ. ಆಮೇಲೆ ಕೊನೇ ದನಿ. ಆ ಮೌನ ಯಾವ ಕಾಡುಹಕ್ಕೀದೂ ಅಲ್ಲ. ಯಂತ್ರದ ಐಬು. ಇದನ್ನ ಕೇಳಿ ಒಂದು ಹಕ್ಕಿ ಕಲೀತು, ಅದರಿಂದ ಅದರ ಮರಿ, ಅದರಿಂದ ಇವತ್ತಿನ ಹಕ್ಕಿ.”

ಮುರಿದ ಮೂರು ಮೊಳೆಗೆ ನಾವು ಇಪ್ಪತ್ತು ವರ್ಷ ಪದಕ ಕೊಟ್ಟಿದ್ದೆವು.

ಲುಕಿಚ್ ಒಳಜೇಬಿನಿಂದ ಕಡಲೆಕಾಯಿಯಷ್ಟು ಪುಟ್ಟ ಹಿತ್ತಾಳೆಯ ಬೀಗದ ಕೈಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಕಾಡುಹಕ್ಕಿ ಹಿಡಿಯುವುದು ತಮಗೆ ಎಂದೂ ಒಗ್ಗಲಿಲ್ಲ, ತಾಯಿಯೇ ಈ ಪೆಟ್ಟಿಗೆ ತಿರುಗಿಸುವುದನ್ನು ಕಲಿಸಿದಳು ಎಂದರು. “ನಿಕಾಂದ್ರ್ ಮೇಲಿನ ದೂರು ಓದ್ತಿದ್ದಾಗಲೂ ಇದು ನನ್ನ ಜೇಬಲ್ಲೇ ಇತ್ತು,” ಎಂದರು.

ಇವರನ್ನು ಹೊರಹಾಕಬೇಕು ಎಂದು ಹಿಂದಿನಿಂದ ಯಾರೋ ಅಂದರು. ಕೈಗಳು ಏಳತೊಡಗಿದವು. ನನ್ನ ಕೈಯೂ ಅರ್ಧಕ್ಕೆ ಎದ್ದಿತ್ತು. ಯೆಗೋರೊವ್ನಾ ಆ ಕೈಯನ್ನೇ ನೋಡಿದರು. ಇಳಿಸಿದೆ.

“ಬೇಡ,” ಎಂದಳು ಗ್ಲಾಫಿರಾ. “ಕೈ ಎತ್ತೋದು ನಿಮಗೆಲ್ಲ ಬಲು ಸಲೀಸು.”

ಕೋಣೆ ಆಕೆಗೇ ಉಳಿಯಿತು. ನಿಕಾಂದ್ರ್‌ನ ಹೆಸರನ್ನು ಸಂಘದ ಪಟ್ಟಿಗೆ ಮತ್ತೆ ಸೇರಿಸಿದೆವು. ಬರೆದವರು ಲುಕಿಚ್, ಅಧ್ಯಕ್ಷರಾಗಿ ಅವರ ಕೊನೆಯ ಬರಹ ಅದು. ಎಲ್ಲರೂ ಹೋದ ಮೇಲೆ ನಾನು ಕ್ಷಮೆ ಕೇಳಲು ಗ್ಲಾಫಿರಾಳ ಬಳಿ ನಿಂತೆ. ಆಕೆಯೇ ಮೊದಲು ಮಾತೆತ್ತಿದಳು.

“ನೀವೆಲ್ಲ ಹೊರಹಾಕಿದ ಮೇಲೆ ನಮ್ಮವರು ಬೀದೀಲಿ ಹೆಜ್ಜೆ ಸದ್ದು ಕೇಳಿದ್ರೆ ಪಂಜರಕ್ಕೆ ಕಂಬಳಿ ಹೊದಿಸ್ತಿದ್ರು. ಹಕ್ಕಿ ಒಳಗೇ ಹಾಡ್ತಿತ್ತು. ನೀವು ದಿನಾ ಕಾಗದ ತರ್ತಿದ್ರಿ. ನಿಮಗೆ ಕೇಳಿಸ್ತಿತ್ತಾ?”

“ಕೇಳಿಸ್ತಿತ್ತು.”

“ಹೇಗೆ ಹಾಡ್ತಿತ್ತು?”

“ಚೆನ್ನಾಗಿ,” ಎಂದೆ. “ಬಹಳ ಚೆನ್ನಾಗಿ.”

ಆಕೆ ನೆಲದಿಂದ ಬಕೆಟ್ ಎತ್ತಿಕೊಂಡಳು. “ಈ ಒಂದು ಮಾತಿಗೆ ಅವರು ಮೂರು ವರ್ಷ ಕಾದ್ರು, ಸಾವಿಚ್,” ಎಂದಳು.