ಹದಿನಾರು ಹೋಳಾದ ಗಡ್ಡೆ

"ಏಯ್! ಯಾರ್ರೀ ಅದು? ಏಳ್ರಿ ಮೇಲೆ!"

ರೊವೀನಾ ಕೂಗಿದ ರಭಸಕ್ಕೆ ಸೇಬಿನ ಮರದ ಮೇಲಿದ್ದ ಕಾಗೆಗಳೆಲ್ಲ ಹಾರಿಹೋದವು. ಮರದ ಬುಡದಲ್ಲಿ, ಕೆಸರಿನಲ್ಲಿ ಬೋರಲು ಮಲಗಿದ್ದ ಗಂಡಸು ಮಾತ್ರ ಅಲುಗಲಿಲ್ಲ. ತಲೆ ಬಗ್ಗಿಸಿ ನಿಂತಿದ್ದ ಬಿಳಿ ಹೂವಿನ ಕೆಳಗೆ ಪುಟ್ಟ ಕನ್ನಡಿ ಹಿಡಿದು ಉಸಿರು ಬಿಗಿಹಿಡಿದು ನೋಡುತ್ತಿದ್ದ.

"ಒಂದೇ ನಿಮಿಷ... ಅಯ್ಯೋ ದೇವರೇ! ಒಳಗಡೆ ಎರಡು ಹಳದಿ ಚುಕ್ಕಿ!"

ರೊವೀನಾ ಹತ್ತಿರಕ್ಕೆ ಧಾವಿಸಿದಳು. ಗುಟ್ಟು ಬಯಲಾಗಿಹೋಯಿತಲ್ಲ!

ಅಂದು ಫೆಬ್ರವರಿಯ ಎರಡನೇ ಶನಿವಾರ. ಶ್ರಾಪ್‌ಶೈರ್‌ನ ಆ ಹಳ್ಳಿಯಲ್ಲಿ ಸ್ನೋಡ್ರಾಪ್ ಎಂಬ ಈ ಚಳಿಗಾಲದ ಹೂವು ಬೆಳೆದವರೆಲ್ಲ ಆ ದಿನ ತೋಟದ ಬಾಗಿಲು ತೆರೆದಿಡುತ್ತಾರೆ. ದೂರದೂರಿನಿಂದ ಸ್ನೋಡ್ರಾಪ್ ಹುಚ್ಚರು ಬರುತ್ತಾರೆ. ಹುಚ್ಚರೆಂದೆನೆಂದು ಬೇಸರ ಬೇಡ, ಅವರೇ ಹಾಗೆ ಹೇಳಿಕೊಳ್ಳುವುದು! ನಮ್ಮ ನಿಮ್ಮ ಕಣ್ಣಿಗೆ ಎಲ್ಲವೂ ಒಂದೇ ಬಿಳಿ ಹೂವು. ಅವರಿಗೆ ಒಂದೊಂದರ ಮುಖವೂ ಬೇರೆ. ಅವರ ನಡುವೆ ಗಡ್ಡೆ ಕಳ್ಳರೂ ಇರುತ್ತಾರೆ. ಅದಕ್ಕೇ ರೊವೀನಾ ಎಲ್ಲ ಗಿಡಗಳ ಪಕ್ಕ ಹೆಸರಿನ ಪಟ್ಟಿ ಚುಚ್ಚಿ, ಈ ಒಂದನ್ನು ಮಾತ್ರ ಹಾಗೇ ಬಿಟ್ಟಿದ್ದಳು.

ಅದು ಡಿಲಿಸ್ ಚಿಕ್ಕಮ್ಮನ ಹೂವು. ಸಾಮಾನ್ಯ ಸ್ನೋಡ್ರಾಪಿನ ಒಳಗೆ ಹಸಿರು ಗುರುತು, ಇದಕ್ಕೆ ಹಳದಿ ಚುಕ್ಕಿ. ಪಾಳುಬಿದ್ದ ಚರ್ಚಿನ ಗೋಡೆಯ ಬದಿಯಲ್ಲಿ ಚಿಕ್ಕಮ್ಮನಿಗೆ ಸಿಕ್ಕಿದ್ದು. ಜಗತ್ತಿನಲ್ಲಿ ಅದರ ಮೂರೇ ಗಡ್ಡೆ, ಮೂರೂ ಈ ಮರದ ಬುಡದಲ್ಲಿ. ತಾಯಿಯಿಲ್ಲದ ರೊವೀನಾಳನ್ನು ಸಾಕಿ ಬೆಳೆಸಿದ ಆ ಚಿಕ್ಕಮ್ಮ ಹಿಂದಿನ ಶರತ್ಕಾಲದಲ್ಲಿ ತೀರಿಕೊಂಡಿದ್ದಳು.

"ಜೇಬು ತೋರಿಸಿ!"

ಅವನು ಎದ್ದು, ಪಾಪದವನಂತೆ ಎರಡೂ ಜೇಬು ಹೊರಗೆಳೆದ. ಒಂದು ಹಿಡಿ ಲಾಳದ ಮೊಳೆ, ಅರ್ಧ ಬಿಸ್ಕತ್ತು.

"ಎಲ್ಲಿಸ್ ಫೆಂಟನ್ ಅಂತ. ಪಕ್ಕದ ಕಣಿವೆಯವನು. ಕುದುರೆಗಳಿಗೆ ಲಾಳ ಹೊಡೀತೀನಿ."

"ಲಾಳ ಹೊಡೆಯೋರಿಗೆ ಹೂವಿನ ಉಸಾಬರಿ ಯಾಕೆ?"

"ಕುದುರೆ ಒದೆಯುತ್ತೆ ಮೇಡಂ, ಹೂವು ಒದೆಯಲ್ಲ. ಹೂವಿನ ಯಜಮಾನಿ ಹೇಗೋ, ಗೊತ್ತಿಲ್ಲ."

ನಗಬಾರದೆಂದು ತುಟಿ ಕಚ್ಚಿಕೊಂಡಳು. ಆದರೂ ನಗು ಬಂದೇಬಿಟ್ಟಿತು!

ಮುಂದಿನ ಶನಿವಾರವೂ ಅವನು ಬಂದ. ಅದರ ಮುಂದಿನದ್ದಕ್ಕೂ. ಬೇಲಿ ಸರಿಮಾಡಿದ, ಅವಳು ಮಾಡಿದ ಲೀಕ್ ಈರುಳ್ಳಿಯ ಸೂಪನ್ನು ಎರಡು ಬಟ್ಟಲು ಕುಡಿದ. ಪಕ್ಕದ ಮನೆಯ ಮಿಸೆಸ್ ಬೀವನ್ ಸುಮ್ಮನಿರುವವರೇ?

"ಹೂವು ಬಾಡಿ ಹದಿನೈದು ದಿನ ಆಯ್ತಲ್ಲೇ ಹುಡುಗಿ, ಇವನು ಇನ್ನೂ ಏನು ನೋಡೋಕೆ ಬರ್ತಾನೆ?"

"ಸುಮ್ನಿರಿ ನೀವು!" ಎಂದಳು ರೊವೀನಾ. ಮುಖ ಮಾತ್ರ ಕೆಂಪಗಾಗಿತ್ತು.

ಹೂವು ಬಾಡಿ, ಎಲೆ ಇನ್ನೂ ಹಸಿರಿರುವಾಗಲೇ ಸ್ನೋಡ್ರಾಪ್ ಕಿತ್ತು ಕೊಡಬೇಕು. ಒದ್ದೆ ಪೇಪರಿನಲ್ಲಿ ಸುತ್ತಿ ಬೇಲಿಯಾಚೆ ದಾಟಿಸುವುದು ಅಲ್ಲಿನ ರೂಢಿ. ಚಿಕ್ಕಮ್ಮ ಕೈತುಂಬ ಹಂಚುತ್ತಿದ್ದಳು. ಆ ವರ್ಷ ಮಿಸೆಸ್ ಬೀವನ್ ಬಾಯಿಬಿಟ್ಟು ಕೇಳಿದರು: "ಡಿಲಿಸ್ ನೆನಪಿಗೆ, ಆ ಹಳದಿ ಚುಕ್ಕಿದು ಒಂದೇ ಒಂದು ಗಡ್ಡೆ ಕೊಡ್ತೀಯಾ?"

ರೊವೀನಾ ಕೊಡಲಿಲ್ಲ. 'ಇರುವುದೇ ಮೂರು... ಒಂದು ಹೋದರೂ ಚಿಕ್ಕಮ್ಮ ಅಷ್ಟು ಹೋದಂತೆ' ಎಂದು ಅವಳ ಮನಸ್ಸು ಹಟ ಹಿಡಿದಿತ್ತು.

ಮಾರ್ಚ್ ಕೊನೆಯಲ್ಲಿ ಎಲೆಗಳ ತುದಿ ಕಂದಿತು. ಅಗೆದು ನೋಡಿದರೆ ಎರಡು ಗಡ್ಡೆ ಕೊಳೆತು ಲೋಳೆಯಾಗಿದ್ದವು. ಮೂರನೆಯದರ ಬದಿಯಲ್ಲಿ ಕಂದು ಕಲೆ. ರೊವೀನಾ ಕೆಸರಲ್ಲೇ ಕುಸಿದು ಕುಳಿತು ಅತ್ತಳು.

"ನನ್ನ ಹತ್ರ ಕೊಡಿ," ಎಂದ ಎಲ್ಲಿಸ್. "ಔಷಧಿಯಲ್ಲಿ ಅದ್ದಿ ಒಣ ಮರಳಲ್ಲಿ ಇಡ್ತೀನಿ. ನಿಮ್ಮ ಮಣ್ಣಲ್ಲಿ ರೋಗ ಸೇರಿದೆ."

"ಚಾಕು ಮಾತ್ರ ಹಾಕಬೇಡಿ. ಗಡ್ಡೆ ಕತ್ತರಿಸೋದು ಚಿಕ್ಕಮ್ಮನಿಗೆ ಸೇರ್ತಿರಲಿಲ್ಲ. ಮಾತು ಕೊಡಿ."

ಕೊಟ್ಟ.

ಜೂನ್‌ನಲ್ಲಿ ಒಂದು ಬೆಳಿಗ್ಗೆ, ಹೇಳದೆ ಕೇಳದೆ ಅವನೆದುರು ಹೋಗಿ ನಿಲ್ಲಬೇಕೆಂದು ರೊವೀನಾ ಸೀಮೆ ನೆಲ್ಲಿಕಾಯಿ ಕಡುಬು ಕಟ್ಟಿಕೊಂಡು ಹೊರಟಳು. ಮನಸ್ಸಿನಲ್ಲಿದ್ದುದನ್ನು ಇಂದು ಹೇಳಿಯೇಬಿಡುವುದು! ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು.

ಶೆಡ್ಡಿನ ಬಾಗಿಲು ತೆರೆದಿತ್ತು. ಮೇಜಿನ ಮೇಲೆ ಸ್ಪಿರಿಟ್ ಬಾಟಲಿ, ತೆಳ್ಳನೆ ಬ್ಲೇಡು. ಅದರ ಪಕ್ಕದಲ್ಲಿ ಕಿತ್ತಳೆ ತೊಳೆಗಳಂತೆ ಸಾಲಾಗಿ ಇಟ್ಟಿದ್ದ ಹೋಳುಗಳು... ಹದಿನಾರು!

"ಅದು... ಅದು ಚಿಕ್ಕಮ್ಮಂದಾ?"

ಅವನು ತಲೆ ತಗ್ಗಿಸಿದ. "ಕೊಳೆ ಬುಡದ ತನಕ ಹೋಗಿತ್ತು ರೊವೀನಾ. ಹಾಗೇ ಬಿಟ್ಟಿದ್ರೆ ವಾರದಲ್ಲಿ ಪೂರ್ತಿ ಹೋಗ್ತಿತ್ತು. ಚೆನ್ನಾಗಿರೋ ಕಡೆಯಿಂದ ಹೋಳು ಮಾಡಿದೀನಿ. ಬುಡ ಅಂಟಿಕೊಂಡಿರೋ ಒಂದೊಂದು ಹೋಳೂ ಮರಿ ಹಾಕಬಹುದು. ಹೂವು ಬರೋಕೆ ಮೂರು ವರ್ಷ..."

"ಬಹುದು! ಹಾಕದೇ ಹೋದ್ರೆ? ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

"ಕೇಳಿದ್ರೆ ಬೇಡ ಅಂತಿದ್ರಿ. ನೀವು ಬೇಡ ಅಂದ್ಮೇಲೆ ನನ್ನ ಕೈ ಏಳ್ತಿರಲಿಲ್ಲ. ಅದಕ್ಕೇ ಕೇಳಲಿಲ್ಲ. ತಪ್ಪೇ ಅದು."

"ಹೌದು, ತಪ್ಪೇ! ಇನ್ಮೇಲೆ ನಮ್ಮ ಮನೆ ಕಡೆ ಬರಬೇಡಿ."

ಕಡುಬನ್ನು ದಾರಿಯಲ್ಲಿ ಯಾರದೋ ಬಾತುಕೋಳಿಗಳಿಗೆ ಹಾಕಿದಳು. ಆಡಬೇಕೆಂದುಕೊಂಡಿದ್ದ ಮಾತು ಹಾಗೇ ಉಳಿಯಿತು.

ಅವನು ಬರಲಿಲ್ಲ. ಅವಳ ಮಾತು ಮೀರಿದ್ದು ಒಂದೇ ಸಲ, ಎರಡನೇ ಸಲ ಮೀರಲಿಲ್ಲ ಪುಣ್ಯಾತ್ಮ! ಶನಿವಾರ ಬಂದರೆ ಸಾಕು, ಅವಳ ಕಣ್ಣು ತಾನಾಗಿ ಗೇಟಿನ ಕಡೆ ಹೋಗುತ್ತಿತ್ತು. 'ಬರಬೇಡ ಅಂದವಳು ನಾನೇ ಅಲ್ಲವೇ... ಈಗ ಯಾವ ಮುಖ ಇಟ್ಟುಕೊಂಡು ಹೋಗಲಿ?' ಹೀಗೇ ಎರಡು ಫೆಬ್ರವರಿ ಕಳೆದವು.

ಮೂರನೆಯ ಫೆಬ್ರವರಿಯಲ್ಲಿ ಊರ ಸಭಾಂಗಣದಲ್ಲಿ ಸ್ನೋಡ್ರಾಪ್ ಊಟ. ಎಲ್ಲರೂ ಒಂದೊಂದು ಕುಂಡ ತಂದು ಮೇಜಿನ ಮೇಲಿಟ್ಟು, ಸೂಪು ಬ್ರೆಡ್ಡು ತಿಂದು, ಗಡ್ಡೆ ಬದಲಾಯಿಸಿಕೊಳ್ಳುವ ದಿನ. ಮಿಸೆಸ್ ಬೀವನ್ ಅವಳನ್ನು ರಟ್ಟೆ ಹಿಡಿದು ಎಳೆದುಕೊಂಡೇ ಹೋದರು.

ಹೆಸರಿನ ಪಟ್ಟಿ ಇಲ್ಲದ ಒಂದು ಕುಂಡದ ಮುಂದೆ ರೊವೀನಾಳ ಕಾಲು ನಿಂತುಬಿಟ್ಟವು. ಬೆರಳಿನಿಂದ ಹೂವನ್ನು ಮೆಲ್ಲಗೆ ಎತ್ತಿ ನೋಡಿದಳು. ಒಳಗೆ ಎರಡು ಹಳದಿ ಚುಕ್ಕಿ!

"ಇದು... ಇದು ಯಾರದು?"

"ನಂದೇ," ಎಂದರು ಮಿಸೆಸ್ ಬೀವನ್. "ಎಲ್ಲಿಸ್ ಕೊಟ್ಟಿದ್ದು. ಹದಿನಾರರಲ್ಲಿ ಹನ್ನೊಂದು ಬದುಕಿದವಂತೆ. ಹನ್ನೊಂದು ತೋಟಕ್ಕೆ ಒಂದೊಂದು ಕೊಟ್ಟ. ಒಂದು ಕಡೆ ರೋಗ ಬಂದ್ರೆ ಇನ್ನೊಂದು ಕಡೆ ಉಳೀಲಿ ಅಂತ. ಹೂವು ಬಿಡೋ ತನಕ ಅವಳಿಗೆ ಹೇಳಬೇಡಿ, ಮತ್ತೆ ಆಸೆ ಹುಟ್ಟಿಸಿ ಅಳಿಸೋದು ಬೇಡ ಅಂದ. ಹೆಸರು ಮಾತ್ರ ಯಾರೂ ಇಡಕೂಡದು, ಅದು ರೊವೀನಾದು, ಅವಳು ಕೇಳಿದ ದಿನ ವಾಪಸ್ ಕೊಟ್ಟುಬಿಡಿ ಅಂತ ಆಣೆ ಹಾಕಿಸಿಕೊಂಡ."

"ಅವರು ಎಷ್ಟು ಇಟ್ಕೊಂಡಿದಾರೆ?"

"ಒಂದೂ ಇಲ್ಲ! ಪೆದ್ದ ಕಣೋ ನೀನು, ಒಂದಾದ್ರೂ ಇಟ್ಕೋ ಅಂದೆ. ಅವಳಾಗಿ ಕೊಟ್ಟಿಲ್ವಲ್ಲ ಮಿಸೆಸ್ ಬೀವನ್ ಅಂದ." ಮುದುಕಿ ಕುಂಡವನ್ನೆತ್ತಿ ರೊವೀನಾಳ ಕೈಗೆ ಹಾಕಿದರು. "ನಾನು ಕೇಳಿದಾಗ ನೀನು ಕೊಡಲಿಲ್ಲ. ನಾನು ಕೊಡ್ತಿದೀನಿ, ತಗೋ."

ನಾಚಿಕೆಯಿಂದ ಅವಳು ಹಿಡಿಯಾದಳು. "ನನ್ನನ್ನ ಕ್ಷಮಿಸಿ..."

"ಕ್ಷಮೆ ಗಿಮೆ ಆಮೇಲೆ. ಮೊದಲು ಹೋಗು ಅಲ್ಲಿಗೆ!"

ಕುಲುಮೆಯ ಮುಂದೆ ಎಲ್ಲಿಸ್ ಬೂದು ಕುದುರೆಯೊಂದರ ಕಾಲನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಅವಳನ್ನು ಕಂಡು ಸುತ್ತಿಗೆ ಕೈಯಲ್ಲೇ ನಿಂತಿತು.

ರೊವೀನಾ ನೆಲದ ಮೇಲೆ ಕುಳಿತು, ಕುಂಡದ ಮಣ್ಣನ್ನು ಬೆರಳಿಂದ ಸಡಿಲಿಸಿದಳು. ತಾಯಿ ಗಡ್ಡೆಯ ಪಕ್ಕದಲ್ಲಿ ಒಂದು ಮರಿ. ಎಲೆ ಸಮೇತ ಅದನ್ನು ಬಿಡಿಸಿ, ಕರವಸ್ತ್ರವನ್ನು ಕುದುರೆಯ ಬಕೆಟ್ಟಿನ ನೀರಿನಲ್ಲಿ ಅದ್ದಿ ಸುತ್ತಿ, ಎರಡೂ ಕೈಯಲ್ಲಿ ಅವನ ಮುಂದೆ ಹಿಡಿದಳು.

"ಇದು ನಾನಾಗಿ ಕೊಡ್ತಿರೋದು."

ಎಲ್ಲಿಸ್‌ನ ಕಣ್ಣು ತುಂಬಿ ಬಂದವು. "ರೊವೀನಾ, ಅವತ್ತು ನಾನು ಕೇಳಬೇಕಿತ್ತು."

"ಕೇಳಬೇಕಿತ್ತು. ನಾನೂ ನಿಂತು ಕೇಳಿಸ್ಕೋಬೇಕಿತ್ತು. ಅವತ್ತು ನಾನು ಬಂದಿದ್ದು ಗಡ್ಡೆ ನೋಡೋಕಲ್ಲ ಎಲ್ಲಿಸ್. ನಿನ್ನನ್ನ ಪ್ರೀತಿಸ್ತೀನಿ ಅಂತ ಹೇಳೋಕೆ."

ಕುದುರೆ ಅಸಹನೆಯಿಂದ ಕಾಲು ಜಾಡಿಸಿತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

"ಈಗ?"

"ಈಗಲೂ ಅದೇ."

ಮಸಿ ಹಿಡಿದ ಕೈಯನ್ನು ಅಂಗಿಗೆ ಒರೆಸಿಕೊಂಡು, ಅವನು ಗಡ್ಡೆಯನ್ನೂ ಅವಳ ಕೈಗಳನ್ನೂ ಒಟ್ಟಿಗೇ ಹಿಡಿದುಕೊಂಡ. "ಇದನ್ನ ಇಲ್ಲಿ ನೆಟ್ಟರೆ, ನೋಡೋಕೆ ಬರ್ತೀಯಾ?"

"ಬರ್ತೀನಿ."

"ಹೂವು ಇರೋದು ವರ್ಷಕ್ಕೆ ಮೂರು ವಾರ. ಉಳಿದ ದಿನ?"

ರೊವೀನಾ ಅವನ ಎದೆಗೆ ಹಣೆಯಾನಿಸಿದಳು.

"ಗಡ್ಡೆ ಮಣ್ಣಲ್ಲೇ ಇರುತ್ತಲ್ಲ, ಪೆದ್ದ! ಕಾವಲಿಗೆ ಇಬ್ಬರಾದ್ರೂ ಬೇಡ್ವಾ?"